ಶನಿವಾರದ ವಿಷ

ಸಾಯಬಾರದವು ಸತ್ತಿದ್ದವು. ದೂರು ಇಷ್ಟೇ.

ಮುಂಬಯಿ ಕ್ರೈಂ ಬ್ರಾಂಚಿನಲ್ಲಿ ಮೂವತ್ತೊಂದು ವರ್ಷ ಸವೆಸಿ ನಿವೃತ್ತನಾಗಿದ್ದ ಚನ್ನಬಸಯ್ಯ ಇಂಥ ದೂರನ್ನು ಜನ್ಮದಲ್ಲಿ ಕೇಳಿರಲಿಲ್ಲ. ಸತ್ತದ್ದು ಮನುಷ್ಯರಾಗಿದ್ದರೆ ಪಂಚನಾಮೆ ಮಾಡಿ ಮುಂದಿನ ಕೆಲಸ ನೋಡಬಹುದಿತ್ತು. ಇಲ್ಲಿ ಸತ್ತದ್ದು ಗಾಜಿನ ಚಪ್ಪಟೆ ಬಾಟಲಿಯೊಳಗಿನ ಕ್ಯಾನ್ಸರ್ ಕೋಶಗಳು. ಡಾಕ್ಟರ್ ರಮಾಮಣಿ ಎರಡು ವರ್ಷ ತೊಟ್ಟು ತೊಟ್ಟಾಗಿ ಕೆಂಪು ಔಷಧಿ ಕುಡಿಸಿ, ಎಷ್ಟು ಕುಡಿಸಿದರೂ ಸಾಯದ ಹಾಗೆ ಪಳಗಿಸಿದ ಕೋಶಗಳು. ಹೋದ ವಾರ ಅದೇ ಔಷಧಿಯ ಹೊಸ ಸೀಸೆ ಒಡೆದು ಅವರೇ ಕೈಯಾರೆ ಹಾಕಿದ್ದೇ ತಡ, ಮೂರು ದಿನದಲ್ಲಿ ಆ ಬಾಟಲಿಯವೆಲ್ಲ ಸತ್ತು ತೇಲಿದ್ದವು. ಯಾರೋ ಕೈಯಾಡಿಸಿದ್ದಾರೆ ಎಂದು ಅವರು ಚನ್ನಬಸಯ್ಯನನ್ನು ಕರೆಸಿ ಇವತ್ತಿಗೆ ಆರು ದಿನ.

ಶನಿವಾರ ಸಂಜೆ ನಾಲ್ಕು ಗಂಟೆ. ಪರೇಲಿನ ಆ ಲ್ಯಾಬಿನಲ್ಲಿ ಫ್ರಿಜ್ಜಿನ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಚನ್ನಬಸಯ್ಯ ಬಿಸ್ಕೀಟಿನ ತಗಡಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಬೋರಲು ಹಾಕಿದ. ಖಾಲಿ ಸೀಸೆಗಳು ಉರುಳಿದವು.

ಆ ಡಬ್ಬಿ ರಮಾಮಣಿಯವರ ಕಟ್ಟುನಿಟ್ಟಿನ ಫಲ. ಪ್ರತಿ ಶನಿವಾರ ಒಂದು ಸೀಸೆ ಔಷಧಿ ಕೋಶಗಳಿಗೆ ಹೋಗಬೇಕು. ಖಾಲಿಯಾದ ಸೀಸೆಗೆ ತಾರೀಖಿನ ಚೀಟಿ ಅಂಟಿಸಿ ಡಬ್ಬಿಗೆ ಹಾಕಬೇಕು. ವಿಷದ ಸೀಸೆಯನ್ನು ಕಸಕ್ಕೆ ಎಸೆಯುವಂತಿಲ್ಲ. ಹಾಕಿದ್ದನ್ನು ಈವರೆಗೆ ಯಾರೂ ತೆಗೆದು ನೋಡಿರಲಿಲ್ಲ.

ಚನ್ನಬಸಯ್ಯ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ತಾರೀಖಿನ ಪ್ರಕಾರ ನಿಲ್ಲಿಸಿದ. ಆಮೇಲೆ ಚೀಟಿಯ ಕೆಳಗೆ ಕಂಪನಿಯವರು ಒತ್ತಿದ ಸಣ್ಣ ಅಂಕಿಗಳನ್ನು ಓದಿದ.

"ಬಾಯಾರ, ಔಷಧ ಎಲ್ಲಾ ಒಂದ ಪಾರ್ಸಲ್‌ನ್ಯಾಗ ಬಂದಿತ್ತಂದ್ರಿ, ಹೌದಿಲ್ಲೊ?"

"ಹೌದು. ಹೋದ ಮಾರ್ಚಿನಲ್ಲಿ ಸಹಾರ್ ಏರ್‌ಪೋರ್ಟಿಗೆ ಮೂರು ದಿನ ಅಲೆದು ನಾನೇ ಬಿಡಿಸಿಕೊಂಡು ಬಂದೆ. ಎಲ್ಲಾ ಒಂದೇ ಬ್ಯಾಚು."

"ಆಗಸ್ಟ್ ತನಕಾ ಒಂದ ನಂಬರ್ ಐತಿ. ಆಮ್ಯಾಲಿನ ಇಪ್ಪತ್ತೆರಡು ಸೀಸೆಕ್ಕ ಬ್ಯಾರೆ ಬ್ಯಾರೆ ನಂಬರ್. ಇವೆರಡಂತೂ ಕಂಪನೀನ ಬ್ಯಾರೆ."

ರಮಾಮಣಿ ಎದ್ದು ಬಂದು ಬಗ್ಗಿ ನೋಡಿದರು. ಐವತ್ತು ದಾಟಿದ, ಮೈಸೂರಿನ ಹೆಂಗಸು. ವಿಲೆ ಪಾರ್ಲೆಯ ಫ್ಲಾಟಿನಲ್ಲಿ ಒಬ್ಬರೇ ಇರುವವರು. ಫ್ರಿಜ್ಜು ತೆಗೆದು, ಉಳಿದ ಬಾಟಲಿಗಳಿಗೆಂದು ಈ ಬೆಳಿಗ್ಗೆ ಕಲಸಿಟ್ಟ ಔಷಧಿಯಲ್ಲಿ ಮಿಕ್ಕದ್ದನ್ನು ಗಾಜಿನ ತಟ್ಟೆಗೆ ಎರಡು ತೊಟ್ಟು ಬಿಟ್ಟರು. ಮೇಲೆ ಒಂದು ತೊಟ್ಟು ಆಸಿಡ್ ಹಾಕಿದರು. ಕೆಂಪು ಹೋಗಿ ನಿಂಬೆಹಣ್ಣಿನ ಬಣ್ಣವಾಯಿತು.

"ಇದು ಔಷಧಿ ಅಲ್ಲ," ಎಂದರು. "ಔಷಧಿಯಾಗಿದ್ದರೆ ಕೆಂಪಾಗೇ ಇರುತ್ತಿತ್ತು. ಇದು ಕೋಶಗಳ ಊಟಕ್ಕೆ ನಾವೇ ಬೆರೆಸೋ ಬಣ್ಣ. ಐದು ತಿಂಗಳಿಂದ ಬಣ್ಣದ ನೀರು ಹಾಕಿದ್ದಾರೆ."

"ಹಾಕಿದ್ರ ಏನಾತು? ವಿಷ ತಪ್ಪಿದ್ರ ಜೀವಕ್ಕ ಛಲೋ ಅಲ್ಲೇನ್ರಿ?"

"ಅಲ್ಲೇ ಇರೋದು ನೋಡಿ." ರಮಾಮಣಿ ಸ್ಟೂಲಿನ ಮೇಲೆ ಕುಸಿದು ಕೂತರು. "ಕೋಶ ಕೆಟ್ಟರೆ ತಾನೇ ಸಾಯಬೇಕು, ಅದಕ್ಕೆ ಒಳಗೇ ಒಂದು ವ್ಯವಸ್ಥೆ ಇದೆ. ಔಷಧಿ ಹೋಗಿ ಮಾಡೋದು ಅಷ್ಟೇ, ಸಾಯಿ ಅಂತ ಹೇಳೋದು. ಹಟಮಾರಿ ಕ್ಯಾನ್ಸರಿನಲ್ಲಿ ಒಂದು ಪ್ರೋಟೀನು ಬಾಗಿಲಲ್ಲಿ ನಿಂತು ಔಷಧಿನ ಹೊರಗೆ ದಬ್ಬುತ್ತೆ. ಇನ್ನೊಂದು ಒಳಗಿದ್ದುಕೊಂಡು ಕೋಶ ಸಾಯದ ಹಾಗೆ ತಡೀತಾ ಇರುತ್ತೆ. ಆದರೆ ವಾರ ವಾರ ವಿಷ ಬಂದರೆ ತಾನೇ ಅವಕ್ಕೆ ಕೆಲಸ? ನಿಮ್ಮ ಬಿಲ್ಡಿಂಗಿನ ಗೂರ್ಖಾ ಇದ್ದ ಹಾಗೆ. ತಿಂಗಳುಗಟ್ಟಲೆ ಕಳ್ಳರು ಬರದೇ ಇದ್ದರೆ ಸೊಸೈಟಿಯವರು ಅವನನ್ನ ಬಿಡಿಸಿಬಿಡ್ತಾರೆ. ನನ್ನ ಕೋಶಗಳೂ ಬಿಡಿಸಿಬಿಟ್ಟಿವೆ."

ಚನ್ನಬಸಯ್ಯನಿಗೆ ಅರ್ಥವಾಯಿತು. ಡಿಸೆಂಬರಿನಲ್ಲಿ ಹೊಸ ಔಷಧಿಯೊಂದನ್ನು ಇವೇ ಕೋಶಗಳ ಮೇಲೆ ಪ್ರಯೋಗ ಮಾಡಿದ್ದರು. ಹಟಮಾರಿ ಕೋಶಗಳೂ ಸತ್ತವು ಎಂದು ಎಲ್ಲರೂ ಕುಣಿದಿದ್ದರು. ಸತ್ತವು ಹಟಮಾರಿಗಳೇ ಆಗಿರಲಿಲ್ಲ.

"ಸೋಮವಾರ ಒಂಬತ್ತು ಗಂಟೆಗೆ ಆ ಹೊಸ ಔಷಧಿ ಹನ್ನೆರಡು ಜನ ರೋಗಿಗಳಿಗೆ ಹೋಗುತ್ತೆ," ಎಂದರು ರಮಾಮಣಿ. "ಎರಡು ತಿಂಗಳು ಬೇರೆ ಚಿಕಿತ್ಸೆ ಎಲ್ಲಾ ಬಂದ್. ಪಟ್ಟಿಯಲ್ಲಿ ಮೊದಲನೇ ಹೆಸರು ಹಾಲವ್ವ, ನಿಮ್ಮ ವಿಜಾಪುರದ ಕಡೆಯವಳು, ಮೂವತ್ತೆಂಟು ವರ್ಷ. ಎರಡು ತಿಂಗಳು ಸುಮ್ಮನೆ ಕೂರೋ ಕಾಯಿಲೆ ಅಲ್ಲ ಅವಳದು. ರಾಮಸ್ವಾಮಿಯವರಿಗೆ ನಿನ್ನೆಯೇ ಫೋನ್ ಮಾಡಿದ್ದೆ. ನಿಮ್ಮ ಅನುಮಾನ ಸಾಲದು, ಮಾಡಿದವನ ಕೈಯಲ್ಲಿ ಬರೆಸಿಕೊಂಡು ಬನ್ನಿ, ನಿಲ್ಲಿಸ್ತೀನಿ ಅಂದರು."

ರಾಮಸ್ವಾಮಿ ಪಕ್ಕದ ಆಸ್ಪತ್ರೆಯ ದೊಡ್ಡ ಡಾಕ್ಟರು. ಈ ಲ್ಯಾಬಿನ ಬೀಗದ ಕೈ ಇದ್ದದ್ದು ಮೂವರ ಹತ್ತಿರ. ರಮಾಮಣಿ, ರಾಮಸ್ವಾಮಿ, ಇನ್ನೊಬ್ಬ ಇಪ್ಪತ್ತಾರು ವರ್ಷದಿಂದ ಇಲ್ಲೇ ಇರುವ ಅಟೆಂಡೆಂಟ್ ಧರ್ಮಣ್ಣ. ಆರು ದಿನದಿಂದ ಚನ್ನಬಸಯ್ಯ ಇದು ರಾಮಸ್ವಾಮಿಯ ಕೆಲಸವಾಗಲಿ ಎಂದು ಒಳಗೊಳಗೇ ಹರಕೆ ಹೊರುತ್ತಿದ್ದ. ಆದರೆ ಶನಿವಾರ ಬೆಳಿಗ್ಗೆ ಸೀಸೆ ಒಡೆದು ಔಷಧಿ ಕಲಸುವವನು, ಚೀಟಿ ಅಂಟಿಸುವವನು ಧರ್ಮಣ್ಣ ಒಬ್ಬನೇ.

"ನಾಳೆ ಬರಸಿಕೊಂಡು ಬರ್ತೀನ್ರಿ," ಎಂದು ಎರಡು ಸೀಸೆ ಜೇಬಿಗಿಳಿಸಿ ಹೊರಟ.

ಪರೇಲಿನಿಂದ ಕುರ್ಲಾಕ್ಕೆ ಸ್ಲೋ ಲೋಕಲ್ಲು. ನೂರು ಜನರ ಬೆವರಿನ ನಡುವೆ ನಿಂತು, ಒಬ್ಬರ ಹತ್ತಿರವೂ ಮಾತಾಡದೆ ಮನೆ ಮುಟ್ಟುವುದು ಅವನಿಗೆ ರೂಢಿಯಾಗಿತ್ತು. ನೆಹರು ನಗರದ ಆ ಒಂದೂವರೆ ಖೋಲಿಯಲ್ಲಿ ಮುಂಜಾನೆ ಇಟ್ಟ ಚಹಾದ ಲೋಟ ಇಟ್ಟಲ್ಲೇ ಇತ್ತು. ಮನೆಯಲ್ಲಿ ಇನ್ನೊಬ್ಬರಿದ್ದರೆ ಲೋಟ ಜಾಗ ಬದಲಿಸುತ್ತದೆ. ಹೆಂಡತಿ ಅಂಬವ್ವ ಹೋದ ಮೇಲೆ ಮೂರು ವರ್ಷದಿಂದ ಅದು ಬದಲಿಸಿಲ್ಲ.

ಅಂಬವ್ವ ಸತ್ತದ್ದೂ ಅದೇ ಕಾಯಿಲೆಯಿಂದ, ಲ್ಯಾಬಿನ ಪಕ್ಕದ ಅದೇ ಆಸ್ಪತ್ರೆಯಲ್ಲಿ. ಕೆಂಪು ಔಷಧಿ ಮೊದಲು ಹಿಡಿಯಿತು, ಆಮೇಲೆ ಹಿಡಿಯಲಿಲ್ಲ. ಯಾಕೆ ಎಂದು ಅವನು ಕಂಡಕಂಡವರನ್ನು ಕೇಳಿದ್ದ. ಕೊನೆಗೆ ಉತ್ತರ ಹೇಳಿದವರು ರಮಾಮಣಿ. ಯಾರ ತಪ್ಪೂ ಅಲ್ಲ ಚನ್ನಬಸಯ್ಯನವರೆ, ಒಂದು ಪ್ರೋಟೀನು, ಅಷ್ಟೇ. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಮೂರು ವರ್ಷ ಬದುಕಿದ್ದ. ಅಪರಾಧಿಯಿಲ್ಲದ ಸಾವು ಎಂದುಕೊಂಡರೆ ಪೊಲೀಸನಿಗೂ ಒಂದು ನೆಮ್ಮದಿ ಇರುತ್ತದೆ.

ಆಗ ಆಸ್ಪತ್ರೆಯ ಕಾರಿಡಾರಿನಲ್ಲಿ ಪರಿಚಯವಾದವನೇ ಧರ್ಮಣ್ಣ. ಮೂಡುಬಿದಿರೆ ಕಡೆಯ ಜೈನ, ಮದುವೆಯಿಲ್ಲ. ಅಂಬವ್ವನ ಮಣ್ಣಿಗೆ ಬಂದ ನಾಲ್ಕು ಜನರಲ್ಲಿ ಒಬ್ಬ. ಅಂದಿನಿಂದ ಒಂದು ಭಾನುವಾರವೂ ತಪ್ಪಿಸದೆ ಬಂದು ಊಟ ಮಾಡಿ, ಸೂರ್ಯ ಮುಳುಗುವ ಮೊದಲು ಇನ್ನೊಂದು ತುತ್ತು ತಿಂದು ಹೋಗುವವನು. ಆ ಮನೆಯ ಬಾಗಿಲು ತಟ್ಟುವ ಕೈ ಅದೊಂದೇ. ನಾಳೆ ಆ ಕೈಯನ್ನೇ ಹಿಡಿಯಬೇಕು. ಅಡಿಗೆ ಮಾಡಿಕೊಳ್ಳದೆ ಮಲಗಿದ.

ಭಾನುವಾರ ಹನ್ನೊಂದಕ್ಕೆ ಧರ್ಮಣ್ಣ ಬಂದ. ಕೈಯಲ್ಲಿ ಬಾಳೆಲೆ ಸುತ್ತಿದ ಪತ್ರೊಡೆ.

"ಎಂತ ಅಯ್ಯನವರೆ, ಸ್ಟವ್ ಹಚ್ಚಿಯೇ ಇಲ್ಲ ಅಲ್ವಾ. ಇವತ್ತು ಉಪವಾಸವಾ?"

"ಕುಂದರ್ರಿ ಧರ್ಮಣ್ಣ."

ಚನ್ನಬಸಯ್ಯ ಜೇಬಿನಿಂದ ಎರಡು ಸೀಸೆ ತೆಗೆದು ಚಾಪೆಯ ಮೇಲೆ ಇಟ್ಟ. ಕದ್ದೆಯಾ ಎಂದು ಕೇಳಿದರೆ ಯಾವನೂ ಹೌದು ಅನ್ನುವುದಿಲ್ಲ. ಅದು ಅವನ ಮೂವತ್ತೊಂದು ವರ್ಷದ ಪಾಠ.

"ಇವನ್ನ ಎಲ್ಲಿಂದ ಆರಿಸಿಕೊಂಡು ಬಂದ್ರಿ?"

ಧರ್ಮಣ್ಣ ಸೀಸೆಗಳನ್ನು ನೋಡಿದ. ಪತ್ರೊಡೆಯ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟ.

"ವಾರ್ಡಿನ ಬಕೆಟಿನಿಂದ."

"ಲ್ಯಾಬಿನ ಸೀಸೆ?"

"ಹಾಲವ್ವನಿಗೆ ಕೊಟ್ಟೆ. ಮೂರು ಶನಿವಾರದ್ದು ಸೇರಿದ್ರೆ ಅವಳಿಗೆ ಒಂದು ಸಲದ ಇಂಜೆಕ್ಷನ್ ಆಗ್ತದೆ. ಅವಳ ಕೈಯಲ್ಲಿ ದುಡ್ಡು ಕೊಟ್ಟು ತಕ್ಕೊಳ್ಳಲಿಕ್ಕೆ ಆಗುದಿಲ್ಲ. ಗಂಡ ಬಿಟ್ಟು ಹೋಗಿದ್ದಾನೆ. ಕಾರಿಡಾರಲ್ಲಿ ಕೂತು ಕನ್ನಡದಲ್ಲಿ ಅಳ್ತಾ ಇದ್ಲು."

"ಪುಣ್ಯದ ಕೆಲಸಾ ಮಾಡೀನಿ ಅಂತ ತಿಳಕೊಂಡ್ರೇನು?"

"ಪುಣ್ಯ ಅಲ್ಲ ಮಾರಾಯ್ರೆ." ಧರ್ಮಣ್ಣ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ಅಂಬವ್ವಕ್ಕನ ಸಮಯ ನೆನಪುಂಟಾ? ಹನ್ನೆರಡು ದಿನ ಇಡೀ ಮುಂಬಯಿಯಲ್ಲಿ ಆ ಕೆಂಪು ಮದ್ದು, ಲಾಲ್ ದವಾ, ಸಿಗ್ಲಿಲ್ಲ. ನೀವು ಗೋರೆಗಾಂವ್ ತನಕ ಅಂಗಡಿ ಅಂಗಡಿ ಹುಡುಕಿಕೊಂಡು ಹೋದ್ರಿ. ಆಗ ನಮ್ಮ ಫ್ರಿಜ್ಜಲ್ಲಿ ಒಂಬತ್ತು ಸೀಸೆ ಇತ್ತು. ನಾನು ದಿನಾ ಬಾಗಿಲು ತೆಗೆದು ನೋಡಿ ಮುಚ್ತಿದ್ದೆ. ಕೆಲಸ ಹೋದ್ರೆ ಅಂತ ಹೆದರಿಕೆ. ಕೊಡ್ಲಿಲ್ಲ. ಆಮೇಲೆ ಪ್ರತಿ ಭಾನುವಾರ ನಿಮ್ಮ ಮನೆಯಲ್ಲಿ ರೊಟ್ಟಿ ತಿನ್ನುವಾಗ ಅದೇ ಗಂಟಲಲ್ಲಿ ಸಿಕ್ಕಿಕೊಳ್ತದೆ."

ಚನ್ನಬಸಯ್ಯ ಕಿಟಕಿಯ ಕಡೆ ತಿರುಗಿದ. ಕೆಳಗೆ ಹಳೇ ಸಾಮಾನು ಕೊಳ್ಳುವ ಭಂಗಾರದವನೊಬ್ಬ ಕೂಗುತ್ತ ಹೋಗುತ್ತಿದ್ದ. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

"ಲ್ಯಾಬಿನ ಕ್ವಾಶಗಳಿಗೆ ಬಣ್ಣದ ನೀರು ಯಾಕ ಹಾಕಿದ್ರಿ?"

"ಅವು ಆ ಔಷಧಿಗೆ ಸಾಯುದಿಲ್ಲ ಅಂತ ಡಾಕ್ಟರಮ್ಮನೇ ಹೇಳ್ತಾರಲ್ವಾ. ಎರಡು ವರ್ಷ ನನ್ನ ಕೈಯಿಂದಲೇ ಹಾಕಿದ್ದೇನೆ, ಒಂದೂ ಸಾಯ್ಲಿಲ್ಲ. ಸಾಯದಿದ್ದವಕ್ಕೆ ಆ ಮದ್ದು ಸುರಿದು ಎಂತ ಮಾಡುದು? ಗೋಡೆಯ ಆಚೆ ಮನುಷ್ಯರು ಅದಕ್ಕಾಗಿ ಕಾಲು ಹಿಡೀತಾರೆ. ದಂಡ ಆಗುವ ಮದ್ದು ಕೊಟ್ಟೆ. ಯಾರಿಗೂ ನಷ್ಟ ಇಲ್ಲ ಅಂತ ಗ್ರಹಿಸಿದೆ."

ಇಪ್ಪತ್ತಾರು ವರ್ಷ ಆ ಲ್ಯಾಬಿನ ಗಾಜು ತೊಳೆದ ಮನುಷ್ಯ. ಯಾವ ಬಾಟಲಿಗೆ ಏನು, ಎಷ್ಟು, ಯಾವಾಗ ಎಲ್ಲ ಗೊತ್ತು. ಯಾಕೆ ಎಂದು ಅವನಿಗೆ ಯಾರೂ ಕೂರಿಸಿ ಹೇಳಿರಲಿಲ್ಲ. ಆ ವಿಷವೇ ಆ ಕೋಶಗಳ ಹಟವನ್ನು ಕಾಯುತ್ತಿತ್ತು ಎಂದು ಚನ್ನಬಸಯ್ಯ ತನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದ. ಹೊಸ ಔಷಧಿ ಗೆದ್ದದ್ದು ಅವನ ಬಣ್ಣದ ನೀರಿನಿಂದ ಎಂದೂ ಹೇಳಿದ.

"ನಾಳೆ ಆ ಔಷಧ ಹಾಲವ್ವಗ ಹೋಗ್ತೈತಿ, ಧರ್ಮಣ್ಣ. ಪಟ್ಟಿಯೊಳಗ ಮೊದಲನೇ ಹೆಸರು ಆಕೀದ. ಎರಡು ತಿಂಗಳು ಮತ್ತೇನೂ ಕೊಡಾಂಗಿಲ್ಲ."

ಧರ್ಮಣ್ಣ ಕನ್ನಡಕವನ್ನು ಮತ್ತೆ ಹಾಕಿಕೊಂಡ. "ಅವಳಿಗೆ ಹೊಸದು ಸಿಕ್ತದೆ ಅಂತ ನಾನು ಬಸದಿಗೆ ಹೋಗಿ ಕಾಯಿ ಇಟ್ಟು ಬಂದೆ," ಎಂದ.

"ಬರದು ಕೊಡ್ರಿ. ರಾಮಸ್ವಾಮಿ ಸಾಹೇಬ್ರ ಹೆಸರಿಗೆ. ಬರದ್ರ ನಿಮ್ಮ ನೌಕರಿ ಹೋಗ್ತೈತಿ. ಪೊಲೀಸ್ ಕೇಸೂ ಆಗ್ತೈತಿ. ಸುಳ್ಳು ಹೇಳಾಂಗಿಲ್ಲ ನಾ."

"ನೀವು ಭಾನುವಾರ ಯಾರೊಟ್ಟಿಗೆ ಊಟ ಮಾಡ್ತೀರಿ ಮತ್ತೆ?" ಎಂದು ಕೇಳಿದ ಧರ್ಮಣ್ಣ. ತಮಾಷೆಗಲ್ಲ, ನಿಜವಾಗಿ ಕೇಳಿದ.

ಚನ್ನಬಸಯ್ಯ ಎದ್ದ. ಕಾಗದ, ಪೆನ್ನು ತಂದು ಮುಂದಿಟ್ಟ. ಧರ್ಮಣ್ಣ ದುಂಡು ಅಕ್ಷರದಲ್ಲಿ ಒಂದೂವರೆ ಪುಟ ಬರೆದು ಕೆಳಗೆ ಸಹಿ ಹಾಕಿದ. ಒಬ್ಬ ಕಳ್ಳ, ಒಂದು ಕಬೂಲಿ, ಕೇಸು ಮುಗಿದ ಹಾಗೆಯೇ. ಆದರೂ ಒಂದು ಚಿಕ್ಕ ಸಂಗತಿ ಚನ್ನಬಸಯ್ಯನ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

"ಹಾಲವ್ವಗ ಕೊಟ್ಟ ಸೀಸೆನ ತಿರುಗಿ ಇಸಕೊಂಡು ಡಬ್ಬಿಗೆ ಹಾಕಿದ್ರ, ನಂಬರ್ ಕೂಡ್ತಿತ್ತು. ನಾ ನಿಮ್ಮನ್ನ ಜಲ್ಮಕ್ಕ ಹಿಡೀತಿದ್ದಿಲ್ಲ. ಯಾಕ ಇಸಕೊಳ್ಳಲಿಲ್ಲ?"

"ಕೇಳಿದೆ. ಖಾಲಿ ಸೀಸೆ ಅವಳಿಗೆ ವಾಪಸ್ ಕೊಡುದಿಲ್ಲವಂತೆ. ವಾರ್ಡಿನ ಬಕೆಟಲ್ಲಿಯೂ ಹುಡುಕಿದೆ. ಎಲ್ಲರದ್ದೂ ಇತ್ತು, ಅವಳದ್ದು ಮಾತ್ರ ಒಂದು ಸಲವೂ ಇರ್ಲಿಲ್ಲ."

ಚನ್ನಬಸಯ್ಯ ಕಬೂಲಿಯನ್ನು ಮಡಚಿ ಒಳಜೇಬಿಗೆ ಇಟ್ಟ. "ನಡೀರಿ, ಆಕೀಗೆ ಮೊದಲು ಹೇಳೋಣು," ಎಂದ.

ಹಾಲವ್ವ ಇದ್ದದ್ದು ಸ್ಟೇಷನ್ನಿನ ಆಚೆ, ಪೈಪ್ ರೋಡಿನ ಒಂದು ಚಾಳಿನಲ್ಲಿ, ಅಕ್ಕನ ಮನೆಯಲ್ಲಿ. ಸೇತುವೆ ದಾಟಿ ಇಬ್ಬರೂ ನಡೆದೇ ಹೋದರು. ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಹೆಂಗಸು ಧರ್ಮಣ್ಣನನ್ನು ನೋಡಿ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು. ತೆಳ್ಳಗಿನ ಜೀವ, ಕಣ್ಣು ಮಾತ್ರ ಚುರುಕು.

"ಇವರು ಚನ್ನಬಸಯ್ಯನವರು, ನಿಮ್ಮ ಕಡೆಯವರೇ," ಎಂದ ಧರ್ಮಣ್ಣ.

"ಯಾವ ಊರ್ರಿ ಅಯ್ಯಾರ?"

"ಬಾಗೇವಾಡಿ ಹತ್ರ. ತಂಗಿ, ನಾಳೆ ನೀ ಆ ಹೊಸ ಔಷಧಕ್ಕ ಹೋಗಬ್ಯಾಡ."

ಅವಳ ಕೈಯಲ್ಲಿ ಸೊಪ್ಪು ಹಾಗೇ ನಿಂತಿತು. "ಅದೊಂದ ಉಳದೈತಿ ಅಂದಾರಲ್ರಿ. ಲಾಲ್ ದವಾ ನನಗ ಹಿಡೀಲಿಲ್ಲ. ಗಂಟು ದೊಡ್ಡದಾಗೇತಿ. ನಿಂದು ಹಟಮಾರಿ ಗಂಟು, ಯಾವ ಔಷಧಕ್ಕೂ ಜಗ್ಗಾಂಗಿಲ್ಲ ಅಂತ ದೊಡ್ಡ ಡಾಕ್ಟರ್ ಹೇಳಿದ್ರು. ನನ್ನ ನಸೀಬ. ಧರ್ಮಣ್ಣೋರದೇನೂ ತಪ್ಪಿಲ್ಲ, ಅವರು ಒಂದು ವಾರಾನೂ ತಪ್ಪಸಲಿಲ್ಲ."

"ಇಂಜೆಕ್ಷನ್ ಬಾಳ ತ್ರಾಸ ಕೊಡ್ತೇನು?"

"ಮೊದಲಿನ ಮೂರು ಕೊಟ್ಟಾಗ ಕರಳ ಕಿತ್ತು ಬಂದಂಗ ವಾಂತಿ. ತಲಿ ಬೋಳಾತು. ಧರ್ಮಣ್ಣೋರು ತಂದುಕೊಡಾಕ ಹತ್ತಿದ ಮ್ಯಾಲೆ ಏನೂ ಇಲ್ರಿ, ಮೈಗೆ ರೂಢಿ ಆತು ಕಾಣ್ತೈತಿ. ನೋಡ್ರಿ, ದೀಪಾವಳಿಯಿಂದ ಕೂದಲಾನೂ ಬಂದಾವ."

ಅವಳು ನಾಚುತ್ತ ಸೆರಗು ಸರಿಸಿದಳು. ಕರ್ರಗೆ, ದಟ್ಟವಾಗಿ, ಎರಡು ಬೆರಳು ಉದ್ದದ ಕೂದಲು.

ಧರ್ಮಣ್ಣ ನಕ್ಕು, ಚೆಂದ ಬಂದಿದೆ ಎಂದ. ಚನ್ನಬಸಯ್ಯ ನಗಲಿಲ್ಲ. ಗಂಟಿನ ಕೋಶಗಳ ಬಾಗಿಲಲ್ಲಿ ಎಂಥ ಪ್ರೋಟೀನು ಬೇಕಾದರೂ ನಿಂತಿರಲಿ, ಗಂಟು ಕರಗಲಿ ಬಿಡಲಿ, ಕೆಂಪು ಔಷಧಿ ಮೈಗೆ ಹೋದರೆ ತಲೆಗೂದಲು ನಿಲ್ಲುವುದಿಲ್ಲ. ಆ ವಾರ್ಡಿನಲ್ಲಿ ತಿಂಗಳುಗಟ್ಟಲೆ ಕೂತವರಿಗೆಲ್ಲ ಅದು ಗೊತ್ತು. ಐದು ತಿಂಗಳಿಂದ ಇವಳ ಮೈಗೆ ಔಷಧಿ ಹೋಗಿಯೇ ಇಲ್ಲ.

ಇವಳ ಗಂಟು ಹಟಮಾರಿಯಲ್ಲ. ಅದಕ್ಕೆ ಔಷಧಿಯೇ ಸಿಕ್ಕಿಲ್ಲ. ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಇವಳು ಗುಣವಾಗಿರಬಹುದಿತ್ತು. ಇವತ್ತೇ ಕೊಟ್ಟರೂ ಬದುಕಬಹುದೋ ಏನೋ.

"ಧರ್ಮಣ್ಣ, ನೀವು ಕೊಟ್ಟ ಸೀಸೆದ ಸೀಲ್?"

"ಒಡೆದಿರ್ಲಿಲ್ಲ. ಕಂಪನಿ ಸೀಲ್ ಇದ್ದ ಹಾಗೆಯೇ ಕೊಟ್ಟದ್ದು. ಪಾರ್ಶ್ವನಾಥ ಸ್ವಾಮಿಯ ಮೇಲೆ ಆಣೆ."

"ತಂಗಿ, ನಿನಗ ಚುಚ್ಚೋರು ಯಾರು? ನರ್ಸ್‌ಬಾಯಿನೋ?"

"ಇಲ್ರಿ. ರಾಮಸ್ವಾಮಿ ಸಾಹೇಬ್ರ. ಸೀಸೆ ನನ್ನ ಕಡಿಂದ ಇಸಕೊಂಡು ಒಳಗ ಹೋಗಿ, ಸಿರಿಂಜ್ ತುಂಬಿಕೊಂಡು ಬರ್ತಾರ. ಅಷ್ಟು ದೊಡ್ಡ ಮನಷ್ಯಾ, ನಮ್ಮಂಥ ಬಡವರಿಗೆ ತಮ್ಮ ಕೈಯಾರೆ ಮಾಡ್ತಾರ."

ಹಾಲವ್ವನ ಸೀಸೆ ಬಕೆಟಿಗೆ ಬೀಳದಿದ್ದದ್ದು, ಅದು ಸೀಲು ಒಡೆಯದೆಯೇ ಬೇರೆಲ್ಲಿಗೋ ಹೋಗುತ್ತಿದ್ದುದರಿಂದ. ಒಳಜೇಬಿನಲ್ಲಿದ್ದ ಕಾಗದದ ಮೇಲೆ ಅದೇ ಹೆಸರಿತ್ತು. ಅದನ್ನು ಅವರಿಗೆ ಕೊಟ್ಟರೆ ನಾಳೆಯ ಪ್ರಯೋಗ ನಿಲ್ಲುತ್ತದೆ, ಧರ್ಮಣ್ಣ ಒಳಗೆ ಹೋಗುತ್ತಾನೆ. ಔಷಧಿ ಎಲ್ಲಿ ಹೋಯಿತು ಎಂದು ಆಮೇಲೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ರಾಮಸ್ವಾಮಿಯ ಕೈಯಲ್ಲಿ ಇನ್ನೊಬ್ಬನ ಕಬೂಲಿ ಇರುತ್ತದೆ. ಕೊಡದಿದ್ದರೆ ಒಂಬತ್ತು ಗಂಟೆಗೆ ಹನ್ನೆರಡು ಜನ.

"ಅಯ್ಯನವರೆ, ಕೂತುಕೊಳ್ಳಿ," ಎಂದು ಧರ್ಮಣ್ಣ ತೋಳು ಹಿಡಿದ. "ಎಂತ ಆಯ್ತು ನಿಮಗೆ?"

ಚನ್ನಬಸಯ್ಯ ಹಾಲವ್ವನ ತಲೆಯನ್ನೇ ನೋಡುತ್ತ ನಿಂತಿದ್ದ. ಅಂಬವ್ವನಿಗೂ ಕಡೆಯ ನಾಲ್ಕು ತಿಂಗಳು ಹೀಗೆಯೇ ಕೂದಲು ಬಂದಿತ್ತು. ಗುಣವಾಗುತ್ತಿದ್ದೀ ನೋಡು ಎಂದು ಹೇಳಿ, ದಿನಾ ಸಂಜೆ ಎಣ್ಣೆ ಹಚ್ಚಿ ಬಾಚುತ್ತಿದ್ದವನು ಅವನೇ. ಅವಳಿಗೂ ರಾಮಸ್ವಾಮಿಯವರೇ ತಮ್ಮ ಕೈಯಾರೆ ಚುಚ್ಚುತ್ತಿದ್ದರು.